ಹಿತ್ತಲಲ್ಲಿ ಹೂತಿರೋ ಎಣ್ಣೆ ಟ್ಯಾಂಕ್ ತೆಗೆಸೋ ಮುಂಚೆ ಇದನ್ನ ಓದಿ

ನ್ಯೂಜೆರ್ಸಿಯಲ್ಲಿ ಹಳೇ ಮನೆ ತಗೊಂಡಿರೋರು, ಮಾರೋಕೆ ಹೊರಟಿರೋರು ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗ್ತಿದೆ. ಇಪ್ಪತ್ತು ವರ್ಷದಿಂದ ಲೆಕ್ಕ ಬರೆದೇ ಹೊಟ್ಟೆ ಹೊರ್ಕೊಂಡವನು ನಾನು. ಮಣ್ಣಿನ ಲೆಕ್ಕದಲ್ಲಿ ಟೋಪಿ ಹಾಕಿಸ್ಕೊಂಡೆ.

ನಮ್ಮದು ಎಡಿಸನ್ ಹತ್ತಿರ, 1958ರಲ್ಲಿ ಕಟ್ಟಿದ ಮನೆ. ಮುಂಚೆ ಎಣ್ಣೆ ಉರಿಸಿ ಮನೆ ಬೆಚ್ಚಗಿಡ್ತಿದ್ರು, ಆ ಎಣ್ಣೆ ಟ್ಯಾಂಕ್ ಹಿತ್ತಲಲ್ಲಿ ಹೂತಿತ್ತು. ನಾವು ಬರೋ ಹೊತ್ತಿಗೆ ಗ್ಯಾಸ್ ಹೀಟಿಂಗ್ ಆಗಿತ್ತು, ಟ್ಯಾಂಕ್ ವಿಷಯ ನಮಗೆ ಗೊತ್ತಿರಲಿಲ್ಲ. ಹಿತ್ತಲಲ್ಲಿ ಗೋಡೆ ಪಕ್ಕ ತುಕ್ಕು ಹಿಡಿದ ಪೈಪೊಂದು ನೆಲದಿಂದ ಎದ್ದು ನಿಂತಿತ್ತು. ಬಟ್ಟೆ ಒಣಗಿಸೋ ಕಂಬದ ಮುರುಕು ಅಂದ್ಕೊಂಡು ಆರು ಬೇಸಿಗೆ ಅದಕ್ಕೇ ಹೀರೆ ಬಳ್ಳಿ ಹಬ್ಬಿಸಿದ್ವಿ. ಎಣ್ಣೆ ಟ್ಯಾಂಕಿನ ವೆಂಟ್ ಪೈಪ್ (ಗಾಳಿ ಹೋಗೋ ಕೊಳವೆ) ಅಂತ ಗೊತ್ತಾಗಿದ್ದು ಮನೆ ಮಾರೋಕೆ ಇಟ್ಟಾಗ, ಕೊಳ್ಳೋರ ಕಡೆಯವನು ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ಬಂದ ದಿನ. 550 ಗ್ಯಾಲನ್ ಉಕ್ಕಿನ ಟ್ಯಾಂಕ್. ತೆಗೆಸಿದ್ರೆ ಸರಿ, ಇಲ್ಲಾಂದ್ರೆ ಮನೆ ಬೇಡ ಅಂದ್ರು.

ಒಬ್ಬ ಕಾಂಟ್ರಾಕ್ಟರ್ 1,650 ಡಾಲರ್ ಅಂದ. ಬೇರೆಯವರಿಗಿಂತ ಕಡಿಮೆ. ಟೌನ್‌ಶಿಪ್ ಪರ್ಮಿಟ್ ಅವನೇ ತಂದ, 811ಕ್ಕೆ ಫೋನ್ ಮಾಡಿ ಗ್ಯಾಸ್, ಕರೆಂಟ್ ಲೈನಿಗೆ ಗುರುತು ಹಾಕಿಸಿದ. ಎಲ್ಲಾ ಕ್ರಮವಾಗೇ ಇತ್ತು. ಅದಕ್ಕೇ ನಂಬಿದ್ದು.

ಟ್ಯಾಂಕ್ ಮೇಲೆ ಬಂತು. ತಳದಲ್ಲಿ ಸಣ್ಣ ಸಣ್ಣ ತೂತು. ಟೌನ್‌ಶಿಪ್ ಇನ್ಸ್‌ಪೆಕ್ಟರ್ ಕೂಡ ನೋಡಿ ಬರ್ಕೊಂಡ. ಸೋರಿದ್ದು ಸುಳ್ಳಲ್ಲ, ಅದನ್ನ ಒಪ್ಕೋತೀನಿ. ಆಮೇಲೆ ಈ ಮನುಷ್ಯ ಗುಂಡಿಯಿಂದ ಒಂದು ಹಿಡಿ ಮಣ್ಣು ತಂದು ನನ್ನ ಮೂಗಿಗೆ ಹಿಡಿದ. "ಮೂಸಿ ನೋಡು ಫ್ರೆಂಡ್." ನ್ಯಾಯಬೆಲೆ ಅಂಗಡಿ ಸೀಮೆಎಣ್ಣೆ ಡ್ರಮ್ಮಿನದೇ ವಾಸನೆ. ತಲೆ ಗಿರ್ ಅಂತು. "ಇವತ್ತೇ ಮಣ್ಣು ತೆಗೀತೀವಿ, ಟನ್ನಿಗೆ 165. ಬೇಡ ಅಂದ್ರೆ ಈಗಲೇ ಡಿಇಪಿಗೆ (ರಾಜ್ಯದ ಪರಿಸರ ಇಲಾಖೆಗೆ) ಫೋನ್ ಮಾಡಬೇಕಾಗುತ್ತೆ, ಆಮೇಲೆ ನಿನ್ನ ಕಥೆ ನಿನಗೆ."

ಹೆದರಿ "ತೆಗೀರಿ" ಅಂದ್ಬಿಟ್ಟೆ. ಅಲ್ಲೇ ನಾನು ಕೆಟ್ಟಿದ್ದು. ಸೋರಿಕೆ ಕಂಡ್ರೆ ರಾಜ್ಯದ ಪರಿಸರ ಇಲಾಖೆಯ ಹಾಟ್‌ಲೈನಿಗೆ ತಿಳಿಸಲೇಬೇಕು ಸ್ವಾಮಿ, ನಾನು ಹೂಂ ಅಂದ್ರೂ ಉಹೂಂ ಅಂದ್ರೂ! ಕೇಸ್ ನಂಬರ್ ಬರುತ್ತೆ, ಕೊನೆಗೆ ಕೆಲಸ ಮುಗೀತು ಅಂತ ಇಲಾಖೆ ಪತ್ರ ಕೊಡುತ್ತೆ. ಎಲ್ಲಾ ಮಾಮೂಲು. ಕಾನೂನು ಮಾಡು ಅನ್ನೋದನ್ನೇ ಬೆದರಿಕೆ ಮಾಡಿ ನನಗೆ ಮಾರಿದ.

ಬಿಲ್ ಬಂತು. 112 ಟನ್, 18,480 ಡಾಲರ್. ಮನೆ ಕ್ಲೋಸಿಂಗಿಗೆ, ಅಂದ್ರೆ ಮಾರಾಟ ಪೂರ್ತಿಯಾಗೋ ದಿನಕ್ಕೆ, ಒಂಬತ್ತು ದಿನ ಇತ್ತು, ಕಟ್ಟಿದೆ.

ಕಟ್ಟಿದ ಮೇಲೆ ರಾತ್ರಿ ಕೂತು ಅವರದೇ ರಿಪೋರ್ಟಿನ ನಕ್ಷೆ ನೋಡ್ತೀನಿ: ಗುಂಡಿ 12 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಆಳ. ಅಂದ್ರೆ 1,080 ಘನ ಅಡಿ, 40 ಘನ ಗಜ. ಗಜಕ್ಕೆ ಸುಮಾರು ಒಂದೂವರೆ ಟನ್ ಹಿಡಿದ್ರೂ 60 ಟನ್. 112 ಟನ್ ಆಗಬೇಕಾದ್ರೆ ಅದೇ ಗುಂಡಿ 17 ಅಡಿ ಆಳ ಇರಬೇಕಿತ್ತು. ನಮ್ಮ ಹಿತ್ತಲಲ್ಲಿ ಬಾವಿ ತೋಡಿದ್ರಾ?

ಕೇಳಿದ್ರೆ ಮೊದಲ ಉತ್ತರ, "ಮಣ್ಣು ಒದ್ದೆ ಇತ್ತು." ಸರಿ ಸ್ವಾಮಿ, ತೂಕದ ಚೀಟಿ ಕೊಡಿ. "ಆಫೀಸಲ್ಲಿದೆ." ಎರಡು ದಿನ ಬಿಟ್ಟು, "ಆ ಹುಡುಗಿ ರಜೆ." ವಾರ ಬಿಟ್ಟು, "ಕರಾರಿನ ಮೂರನೇ ಪುಟ ಓದ್ಕೋ, ಬಾಯಿಮಾತಿನ ಒಪ್ಪಿಗೆ ಸಾಕು." ಓದ್ದೆ. ಇದೆ. ಆದ್ರೆ ನಾನು ಒಪ್ಪಿದ್ದು ಮಣ್ಣು ತೆಗೆಯೋಕೆ, ಇಲ್ಲದ ಮಣ್ಣಿಗೆ ದುಡ್ಡು ಕೊಡೋಕಲ್ಲ.

ಮಣ್ಣು ಸಾಗಿಸೋ ಕಾಗದಕ್ಕೆ ಮನೆ ಮಾಲೀಕನ ಸಹಿ ಬೇಕು, ಹಾಕಿದ್ದೆ. ಅದರಲ್ಲಿ ಮಣ್ಣು ಹೋದ ಜಾಗದ ಹೆಸರಿತ್ತು. ನಾನೇ ಅಲ್ಲಿಗೆ ಫೋನ್ ಮಾಡಿ, ಇದು ನಮ್ಮನೆ ಮಣ್ಣು, ಚೀಟಿ ಕಳಿಸಿ ಅಂದೆ. ಅರ್ಧ ಗಂಟೆಯಲ್ಲಿ ಇಮೇಲ್. ಮೂರು ಲಾರಿ, ಒಟ್ಟು 61 ಟನ್. 51 ಟನ್ ಗಾಳಿಗೆ 8,415 ಡಾಲರ್ ಕೊಟ್ಟಿದ್ದೀನಿ.

ಆ ಚೀಟಿನ ಕಾಂಟ್ರಾಕ್ಟರಿಗೆ ಕಳಿಸಿದ ಮೇಲೆ ಅವನ ದನಿ ಬದಲಾಯ್ತು. "ಬಿಲ್ ಮಾಡೋವಾಗ ಏನೋ ಮಿಸ್ಟೇಕ್. 1,500 ವಾಪಸ್ ಕೊಡ್ತೀನಿ, ಎಲ್ಲೂ ಬರೀಬೇಡ." ಬರೀತಿದ್ದೀನಿ.

ನಮ್ಮವಳು "ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ" ಅಂತ ದಿನಾ ಚುಚ್ಚುತ್ತಾಳೆ. ತಪ್ಪು ಹೇಳ್ತಿಲ್ಲ.

ನೀವು ಮಾತ್ರ ತೂಕದ ಚೀಟಿ ಕೈಗೆ ಬರೋವರೆಗೂ ಮಣ್ಣಿಗೆ ಒಂದು ಡಾಲರ್ ಬಿಚ್ಚಬೇಡಿ. ಗುಂಡಿಗೆ ಟೇಪ್ ಇಟ್ಟು ಫೋಟೋ ತೆಗೀರಿ. ಟ್ಯಾಂಕ್ ತೆಗೆಯೋನಿಗೇ ಮಣ್ಣಿನ ಕೆಲಸವನ್ನೂ ಅಲ್ಲೇ ನಿಂತು ಒಪ್ಪಿಸಬೇಡಿ, ಒಂದು ದಿನ ತಡವಾದ್ರೆ ಪ್ರಳಯ ಆಗಲ್ಲ. ಮಣ್ಣು ಮೂಗಿಗೆ ಹಿಡಿಯೋನನ್ನ ಗೇಟಿನ ಆಚೆ ನಿಲ್ಲಿಸಿ.

ಸ್ಮಾಲ್ ಕ್ಲೇಮ್ಸ್ (ಸಣ್ಣ ಮೊತ್ತದ ದಾವೆ) ಮಿತಿ 5,000 ಡಾಲರ್, ನನ್ನದು ಅದಕ್ಕೆ ಮೀರಿದ್ದು. ಹಾಗಾಗಿ ಕೋರ್ಟಿನ ಸ್ಪೆಷಲ್ ಸಿವಿಲ್ ಪಾರ್ಟ್ ಅನ್ನೋ ವಿಭಾಗದಲ್ಲಿ ದಾವೆ ಹಾಕಿದ್ದೀನಿ. ತಾರೀಖು ಇನ್ನೂ ಬಂದಿಲ್ಲ. ಇಂಥದ್ದೇ ಬಿಲ್ ಬಂದಿರೋರು ಇದ್ರೆ ಹೇಳಿ, ನಿಮ್ಮ ಗುಂಡಿಯ ಅಳತೆ ಸಮೇತ.