ಕೋಚಿಂಗ್ ಸೆಂಟರ್‌ನ 'ಸುಲಭ ಕಂತು' ಅಂದರೆ ಸಾಲ: ಕೆಎಎಸ್, ಐಎಎಸ್‌ಗೆ ಓದುವವರು ಓದಲೇಬೇಕು

ನನ್ನ ತಮ್ಮನಿಗೆ ತಹಶೀಲ್ದಾರ್ ಆಗಬೇಕೆಂಬ ಆಸೆ ಹುಟ್ಟಿದ್ದು ನಮ್ಮ ಜಮೀನಿನ ಪೋಡಿ (ಪಾಲು ಅಳೆದು ಬೇರೆ ಬೇರೆ ಮಾಡುವುದು) ವಿಚಾರದಲ್ಲಿ. ದೊಡ್ಡಪ್ಪ, ಚಿಕ್ಕಪ್ಪ ಎಲ್ಲರ ಹೆಸರೂ ಒಂದೇ ಪಹಣಿಯಲ್ಲಿತ್ತು. ಅಪ್ಪ ವರ್ಷಗಟ್ಟಲೆ ತಾಲ್ಲೂಕು ಕಚೇರಿಗೆ ಅಲೆದರು. ಹೊಸದಾಗಿ ಬಂದ ತಹಶೀಲ್ದಾರರೊಬ್ಬರು ಕಡತ ತರಿಸಿಕೊಂಡು, ಸರ್ವೇಯರನ್ನು ಕಳಿಸಿ, ಒಂದು ರೂಪಾಯಿ ಕೇಳದೆ ಕೆಲಸ ಮುಗಿಸಿಕೊಟ್ಟರು. 'ನಾನೂ ಹೀಗೇ ಜನರ ಕೆಲಸ ಮಾಡಿಕೊಡಬೇಕು' ಎಂದು ತಮ್ಮ ಹಟ ಹಿಡಿದ.

ಬೆಂಗಳೂರಿನ ಕೋಚಿಂಗ್ ಸೆಂಟರ್ ಒಂದರಲ್ಲಿ ಮೊದಲು ಕೇಳಿದ್ದೇ 'ಯಾಕೆ ಅಧಿಕಾರಿಯಾಗಬೇಕು?' ಎಂದು. ಅವನು ಪೋಡಿಯ ಕಥೆ ಹೇಳಿದ. ಫೀಸ್ ಕೇಳಿ ಅಪ್ಪ ಹಿಂದೆಮುಂದೆ ನೋಡಿದಾಗ ಅದೇ ಕಥೆ ವಾಪಸ್ ಬಂತು: 'ಜನಸೇವೆಗೆ ಹೊರಟಿರೋ ಹುಡುಗ, ಯಜಮಾನ್ರೇ. ದುಡ್ಡಿನ ಮುಖ ನೋಡಿ ಅವನ ಕೈ ಕಟ್ಟಬೇಡಿ.' ಅಪ್ಪ ಮತ್ತೆ ಮಾತಾಡಲಿಲ್ಲ. ಒಬ್ಬ ಒಳ್ಳೆಯ ಹುಡುಗನ ಆಸೆಯನ್ನು ಹೀಗೆ ಬಳಸಿಕೊಂಡದ್ದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

'ಸುಲಭ ಕಂತು' ಎಂದು ಹೇಳಿ ಅಪ್ಪನ ಆಧಾರ್, ಪ್ಯಾನ್ ತೆಗೆದುಕೊಂಡರು, ಮೊಬೈಲಿಗೆ ಬಂದ ಒಟಿಪಿ ಕೇಳಿದರು. ಅದು ಫೈನಾನ್ಸ್ ಕಂಪನಿಯೊಂದರ ಸಾಲ! ಪೂರ್ತಿ ಹಣ ಆಗಲೇ ಸೆಂಟರ್‌ಗೆ ಸೇರಿತ್ತು. ನನ್ನ ತಮ್ಮ ತರಗತಿಗೆ ಹೋಗುವುದು ಬಿಟ್ಟ ಮೇಲೂ ಅಪ್ಪನ ಖಾತೆಯಿಂದ ಪ್ರತಿ ತಿಂಗಳು ಹಣ ಕಟ್ ಆಗುತ್ತಿದೆ.

ಅವನು ಬಿಟ್ಟದ್ದಕ್ಕೆ ಕಾರಣವಿದೆ. ತಹಶೀಲ್ದಾರ್ ಹುದ್ದೆಗೆ ಬರೆಯಬೇಕಾದದ್ದು ಕೆಪಿಎಸ್‌ಸಿಯ (ಕರ್ನಾಟಕ ಲೋಕಸೇವಾ ಆಯೋಗ) ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆ, ಜನ ಕೆಎಎಸ್ ಅನ್ನುವುದು ಇದಕ್ಕೇ. ಅದರ ಮುಖ್ಯ ಪರೀಕ್ಷೆಯಲ್ಲಿ ಈಗ ಐಚ್ಛಿಕ ವಿಷಯವೇ ಇಲ್ಲ. ಸೆಂಟರಿನವರು ಐಎಎಸ್‌ಗೆ ಬರೆಯುವ ಯುಪಿಎಸ್‌ಸಿ, ಕೆಪಿಎಸ್‌ಸಿ ಎರಡನ್ನೂ ಸೇರಿಸಿ, ಐಚ್ಛಿಕ ವಿಷಯಕ್ಕೂ ಫೀಸ್ ಹಾಕಿದ್ದರು. ಡೆಮೊ ಕ್ಲಾಸ್ ತೆಗೆದುಕೊಂಡ ಮೇಷ್ಟ್ರು ಆಮೇಲೆ ಒಂದು ದಿನವೂ ಕಾಣಲಿಲ್ಲ. ಕನ್ನಡ ಮಾಧ್ಯಮದ ನೋಟ್ಸ್ ಎಂದು ಕೊಟ್ಟದ್ದು ಯಂತ್ರದ ಅನುವಾದ, ಓದಿದರೆ ತಲೆಬುಡ ತಿಳಿಯುತ್ತಿರಲಿಲ್ಲ. 2024ರ ಆಗಸ್ಟ್ 27ರ ಕೆಪಿಎಸ್‌ಸಿ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳ ಅನುವಾದ ಕೆಟ್ಟು, ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಬೇಕಾಯಿತಲ್ಲ, ಅಷ್ಟಾದ ಮೇಲೂ ಕನ್ನಡದಲ್ಲಿ ಬರೆಯುವ ಮಕ್ಕಳೆಂದರೆ ಇಷ್ಟು ಸಸಾರವೇ?

ಉತ್ತರಪತ್ರಿಕೆ ತಿದ್ದುವುದಂತೂ ಬರೀ ನಾಟಕ. ಒಮ್ಮೆ ಅಪ್‌ಲೋಡ್ ಮಾಡುವಾಗ ಒಂದೇ ಪುಟ ಎರಡು ಸಲ ಸೇರಿಹೋಗಿತ್ತು. ಒಂದಕ್ಕೆ 5 ಅಂಕ, ಇನ್ನೊಂದಕ್ಕೆ ಆರೂವರೆ! ಎರಡರ ಕೆಳಗೂ ಕೆಂಪು ಶಾಯಿಯಲ್ಲಿ 'ಗುಡ್, ಇನ್ನಷ್ಟು ಉದಾಹರಣೆ ಕೊಡಿ'.

ಗೋಡೆ ತುಂಬ ಇದ್ದ ರ‍್ಯಾಂಕ್ ಪಡೆದವರ ಫೋಟೊ ಬಗ್ಗೆಯೂ ಹೇಳಬೇಕು. ಅದರಲ್ಲಿದ್ದ ಒಬ್ಬರ ಸಂಬಂಧಿಕರು ನಮಗೆ ಪರಿಚಯ. ವಿಚಾರಿಸಿದರೆ, ಅವರು ಅಲ್ಲಿಗೆ ಹೋಗಿದ್ದು ಉಚಿತ ಅಣಕು ಸಂದರ್ಶನಕ್ಕೆ ಮಾತ್ರ. ಇಂಥ ಜಾಹೀರಾತಿಗೆ ಕಡಿವಾಣ ಹಾಕಲೆಂದೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ: ಆಯ್ಕೆಯಾದವರು ಯಾವ ಕೋರ್ಸ್ ತೆಗೆದುಕೊಂಡಿದ್ದರು ಎಂಬುದನ್ನು ತೋರಿಸಲೇಬೇಕು. ಫೋಟೊ ಕಂಡರೆ ಅದನ್ನೇ ಮೊದಲು ಕೇಳಿ.

ಸೇರುವ ಮುಂಚೆ, ಈಗ ಪಾಠ ಮಾಡುತ್ತಿರುವವರ ಮಾಮೂಲಿ ತರಗತಿಯಲ್ಲಿ ಕುಳಿತು ನೋಡಿ. ಹಳೆಯ ವಿದ್ಯಾರ್ಥಿಗಳನ್ನು ಹೊರಗಿನ ಟೀ ಅಂಗಡಿಯಲ್ಲಿ ಮಾತಾಡಿಸಿ, ಆಫೀಸಿನೊಳಗೆ ನಿಜ ಸಿಗುವುದಿಲ್ಲ. ಕಂತು ಎಂದರೆ ಸೆಂಟರ್‌ಗೇ ನೇರವಾಗಿ ತಿಂಗಳು ತಿಂಗಳು ಕಟ್ಟುವ ಹಾಗಿರಲಿ, ಮಧ್ಯೆ ಫೈನಾನ್ಸ್ ಕಂಪನಿ ಬಂದರೆ ಎದ್ದು ಬನ್ನಿ. ಬಿಟ್ಟರೆ ಎಷ್ಟು ವಾಪಸ್ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಉಚಿತ ತರಬೇತಿಗೂ ಅರ್ಜಿ ಹಾಕಿ.

ನಮ್ಮಂತೆ ಈಗಾಗಲೇ ಸಿಕ್ಕಿಬಿದ್ದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ರಸೀದಿ, ಸಾಲದ ಕರಾರು, ವಾಟ್ಸ್‌ಆ್ಯಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ. ನಾವು ಅದನ್ನೆಲ್ಲ ಜೋಡಿಸಿ ದೂರು ಕೊಟ್ಟಿದ್ದೇವೆ.