ಸುತ್ತಿಗೆಯಲ್ಲಿ ಕ್ರ್ಯಾಂಕ್ ಕೂರಿಸುವವರ ಕೈಗೆ ಸ್ಕೂಟರ್ ಕೊಡಬೇಡಿ

ಹಳೆಯ ಟೂ ಸ್ಟ್ರೋಕ್ ಸ್ಕೂಟರಿನ ಎಂಜಿನ್ ಪೂರ್ತಿ ಬಿಚ್ಚಿಸಿ ರೆಡಿ ಮಾಡಿಸಬೇಕು ಅಂತಿದ್ದೀರಾ? ಹಾಗಾದರೆ ಅಡ್ವಾನ್ಸ್ ಕೊಡುವ ಮೊದಲು ಮೆಕ್ಯಾನಿಕ್‌ಗೆ ಒಂದು ಮಾತು ಕೇಳಿ: "ಕ್ರ್ಯಾಂಕನ್ನ ಬೇರಿಂಗ್ ಒಳಗೆ ಹೇಗೆ ಕೂರಿಸ್ತೀರಾ?" ಪಿಸ್ಟನ್ನಿನ ಮೇಲೆ ಕೆಳಗಿನ ಓಡಾಟವನ್ನು ತಿರುಗಾಟ ಮಾಡುವ ದಂಡವೇ ಕ್ರ್ಯಾಂಕ್. ಪುಲ್ಲರ್ (ಬಡಿಯದೆ ಎಳೆದು ಕೂರಿಸುವ ಟೂಲ್) ಇದೆ, ಚೇಂಬರ್ (ಕ್ರ್ಯಾಂಕ್ ಕೂರುವ ಎಂಜಿನ್ ಹೊರಕವಚ) ಬಿಸಿ ಮಾಡ್ತೀವಿ ಅಂದರೆ ಮಾತು ಮುಂದುವರಿಸಿ. "ನಾಲ್ಕು ಏಟು ಹಾಕಿದ್ರೆ ಕೂತ್ಕೊಳುತ್ತೆ ಸಾರ್" ಅಂದರೆ ದಯವಿಟ್ಟು ಗಾಡಿ ವಾಪಸ್ ತನ್ನಿ.

ನಮ್ಮದು ಎಲ್‌ಎಂಎಲ್ ವೆಸ್ಪಾ, 150 ಸಿಸಿ. ಅಪ್ಪ ಇವತ್ತಿಗೂ ಅದನ್ನೇ ಓಡಿಸುವುದು. ಎಂಜಿನ್ ಒಳಗೆ ಗರಗರ ಸದ್ದು ಶುರುವಾಗಿತ್ತು. ಕ್ರ್ಯಾಂಕಿನ ತುದಿಗೆ ಕೂರುವ ಮ್ಯಾಗ್ನೆಟ್ ಚಕ್ರ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಸಡಿಲ ಆಟ ಕೈಗೇ ಗೊತ್ತಾಗುತ್ತಿತ್ತು. ಮೇನ್ ಬೇರಿಂಗ್ ಹೋಗಿದೆ ಅಂತ ಊರಲ್ಲಿ ಹೆಸರಿರುವ ಒಂದು ಗ್ಯಾರೇಜಿಗೆ ಕೊಟ್ಟೆವು. ಕನೆಕ್ಟಿಂಗ್ ರಾಡ್ ಕಿಟ್, ಎರಡೂ ಬೇರಿಂಗ್, ಆಯಿಲ್ ಸೀಲ್ (ಗಾಳಿ, ಆಯಿಲ್ ನುಸುಳದಂತೆ ತಡೆಯುವ ರಬ್ಬರ್ ರಿಂಗ್), ಬೋರ್ (ಪಿಸ್ಟನ್ ಓಡುವ ಸಿಲಿಂಡರ್), ಪಿಸ್ಟನ್ ಎಲ್ಲಾ ಹೊಸದು ಅಂತ ಬಿಲ್ ಬಂತು. ಕೊಟ್ಟೆವು.

ಗಾಡಿ ಮನೆಗೆ ಬಂದ ದಿನವೇ ಏನೋ ಸರಿಯಿಲ್ಲ ಅನ್ನಿಸಿತ್ತು. ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯುತ್ತಿರಲಿಲ್ಲ. ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ. ಕಾಲಿಡುವ ಜಾಗವೆಲ್ಲ ನಡುಗುತ್ತಿತ್ತು. ಕೇಳಿದರೆ "ಹೊಸ ಕೆಲಸ ಅಲ್ವಾ, ಓಡ್ತಾ ಓಡ್ತಾ ಸರಿಹೋಗುತ್ತೆ" ಅಂದರು. ಕೊನೆಗೊಂದು ದಿನ ಹೈವೇಯಲ್ಲಿ ಪಿಸ್ಟನ್ ಜಾಮ್ ಆಗಿ ಹಿಂದಿನ ಚಕ್ರ ಹಾಗೇ ಹಿಡಿದುಕೊಂಡಿತು. ಅಪ್ಪ ತಕ್ಷಣ ಕ್ಲಚ್ ಹಿಡಿದರು. ಹಿಂದೆ ಲಾರಿ ಬಸ್ಸು ಯಾವುದೂ ಇರಲಿಲ್ಲ. ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸೋಕೂ ಆಗುವುದಿಲ್ಲ. ಅಷ್ಟಾದ ಮೇಲೂ ಗ್ಯಾರೇಜಿನವರು ಹೇಳಿದ್ದು "ಟೂಟಿ ಆಯಿಲ್ ಕಮ್ಮಿ ಹಾಕಿದ್ದೀರಾ" ಅಂತ. ಪೆಟ್ರೋಲಿಗೆ ಬೆರೆಸುವ ಆ ಎಂಜಿನ್ ಆಯಿಲನ್ನು ಲೀಟರಿಗೆ 20 ಎಂ.ಎಲ್. ಅಳೆದೇ ಹಾಕಿದ್ದೆವು.

ಬೇರೆ ಊರಿನ ವಯಸ್ಸಾದ ಮೆಕ್ಯಾನಿಕ್ ಒಬ್ಬರ ಹತ್ತಿರ ಒಯ್ದೆವು. ಅವರು ನಮ್ಮೆದುರೇ ಬಿಚ್ಚಿ ಒಂದೊಂದಾಗಿ ತೋರಿಸಿದರು. ಮ್ಯಾಗ್ನೆಟ್ ಕಡೆಯ ಕ್ರ್ಯಾಂಕಿನ ತುದಿ ಅಣಬೆಯ ತಲೆಯ ಹಾಗೆ ಅಗಲಿಸಿತ್ತು, ಮೊದಲ ಎರಡು ಥ್ರೆಡ್ ಚಪ್ಪಟೆ. ಕ್ಲಚ್ ಕಡೆಯ ಬೇರಿಂಗಿಗೆ ಕೂರಿಸಲು ಈ ತುದಿಯಿಂದ ಸುತ್ತಿಗೆಯಲ್ಲಿ ಬಡಿದಿದ್ದಾರೆ. ಆ ಬೇರಿಂಗ್ ತೊಳೆದು ಬೆರಳಲ್ಲಿ ತಿರುಗಿಸಿ ನೋಡಿ ಅಂದರು. ನುಣ್ಣಗೆ ತಿರುಗಬೇಕಾದದ್ದು ಟಕ್ ಟಕ್ ಅಂತ ನಿಂತು ನಿಂತು ತಿರುಗುತ್ತಿತ್ತು. ಏಟು ಬೀಳುವುದು ಒಳರಿಂಗಿಗೆ, ಹೊರರಿಂಗನ್ನು ಚೇಂಬರ್ ಹಿಡಿದಿರುತ್ತದೆ. ನಡುವೆ ಸಿಕ್ಕ ಬಾಲ್‌ಗಳು ರಿಂಗಿನ ಮೇಲೆ ಕುಳಿ ಒತ್ತಿಬಿಡುತ್ತವೆ. ಹೊಸ ಬೇರಿಂಗ್ ಓಡುವ ಮೊದಲೇ ಹಾಳು.

ಅದಕ್ಕಿಂತ ದೊಡ್ಡ ನಷ್ಟ ಕ್ರ್ಯಾಂಕಿನದು. ಈ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ತಟ್ಟೆಗಳ ನಡುವೆ ಪಿನ್ ಪ್ರೆಸ್ ಮಾಡಿ ಜೋಡಿಸಿರುತ್ತಾರೆ. ಒಂದು ಕಡೆಯಿಂದ ಬಡಿದರೆ ತಟ್ಟೆಗಳು ಜರುಗಿ ನೇರ ತಪ್ಪುತ್ತದೆ. ಎರಡೂ ತುದಿಯನ್ನು ಸೆಂಟರ್ ಮೇಲಿಟ್ಟು ತಿರುಗಿಸಿ ಡಯಲ್ ಗೇಜ್ (ಸಣ್ಣ ಓಲಾಟವನ್ನೂ ಅಳೆಯುವ ಮಾಪಕ) ಹಿಡಿದರೆ ಓಲಾಟ 0.03 ಮಿ.ಮೀ. ಒಳಗಿರಬೇಕು ಅಂತಾರೆ ಅವರು. ನಮ್ಮದರಲ್ಲಿ ಓಲಾಟ ಕಣ್ಣಿಗೇ ಕಾಣುತ್ತಿತ್ತು. ಓಲಾಡುವ ಕ್ರ್ಯಾಂಕ್ ಎರಡೂ ಸೀಲಿನ ತುಟಿ ತಿಂದುಹಾಕಿತ್ತು. ಮ್ಯಾಗ್ನೆಟ್ ಕಡೆಯ ಸೀಲಿನಿಂದ ಹೊರಗಿನ ಗಾಳಿ ಒಳಕ್ಕೆ ಬಂದು ಪೆಟ್ರೋಲೂ ಅದರ ಜೊತೆಯ ಆಯಿಲೂ ಸಾಲದೆ ಪಿಸ್ಟನ್ ಕಾದು ಹಿಡಿದುಕೊಂಡಿದೆ. ಕ್ಲಚ್ ಕಡೆಯಿಂದ ಗೇರ್ ಆಯಿಲ್ ಒಳಕ್ಕೆ ಎಳೆದುಕೊಂಡು ಬಿಳಿ ಹೊಗೆ ಬಂದಿದೆ.

ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಚೇಂಬರ್ ನೋಡಿದಾಗ. ಬೇರಿಂಗ್ ಕೂರುವ ಗೂಡು ಸವೆದು ಸಡಿಲವಾಗಿತ್ತಂತೆ. ಅದಕ್ಕೆ ಒಳಗೋಡೆಗೆಲ್ಲ ಪಂಚ್ ಇಟ್ಟು ಚುಕ್ಕಿ ಚುಕ್ಕಿ ಹೊಡೆದು ಬಿಗಿ ಮಾಡಿದ್ದಾರೆ! ಆ ಚುಕ್ಕಿಗಳು ಸ್ವಲ್ಪ ದಿನದಲ್ಲೇ ಸವೆಯುತ್ತವೆ, ಹೊರರಿಂಗ್ ಗೂಡಿನಲ್ಲೇ ಸುತ್ತಲು ಶುರುಮಾಡುತ್ತದೆ. ಮಾಡಬೇಕಿದ್ದದ್ದು ಲೇತ್‌ನಲ್ಲಿ ಗೂಡು ಕೊರೆದು ಅಗಲ ಮಾಡಿ ಬುಷ್ (ಲೋಹದ ಬಳೆ) ಹಾಕುವುದು. ರೀಡ್ ವಾಲ್ವ್ (ಪೆಟ್ರೋಲ್ ದಾರಿಯನ್ನು ತೆರೆದು ಮುಚ್ಚುವ ತೆಳು ಪಟ್ಟಿ) ಇಲ್ಲದ ನಮ್ಮಂಥ ಹಳೆಯ ಮಾದರಿಯಲ್ಲಿ ಇನ್ನೊಂದು ಅಪಾಯವಿದೆ. ಕ್ರ್ಯಾಂಕಿನ ತಟ್ಟೆಯೇ ತಿರುಗುತ್ತಾ ಪೆಟ್ರೋಲ್ ದಾರಿಯನ್ನು ತೆರೆದು ಮುಚ್ಚುತ್ತದೆ. ತಟ್ಟೆ ಓಲಾಡಿ ಚೇಂಬರಿಗೆ ಉಜ್ಜಿದರೆ ಆ ಜಾಗ ಗೀರಿಹೋಗುತ್ತದೆ. ನಮ್ಮದು ಸ್ವಲ್ಪದರಲ್ಲಿ ಉಳಿಯಿತು. ಎಲ್‌ಎಂಎಲ್‌ನ ಕಾನ್ಪುರದ ಕಾರ್ಖಾನೆ ಮುಚ್ಚಿ ವರ್ಷಗಳಾದವು. ಒಳ್ಳೆಯ ಚೇಂಬರ್ ಈಗ ಎಲ್ಲಿಂದ ತರುವುದು?

ಎರಡನೇ ಸಲ ಕೆಲಸ ಹೇಗೆ ನಡೆಯಿತು ಅಂತ ಹೇಳುತ್ತೇನೆ, ನೀವು ಹೋಲಿಸಿ ನೋಡಬಹುದು. ಬೇರಿಂಗನ್ನು ರಾತ್ರಿಯೇ ಫ್ರೀಜರಿನಲ್ಲಿ ಇಟ್ಟಿದ್ದರು. ಬುಷ್ ಹಾಕಿಸಿದ ಚೇಂಬರನ್ನು ಸುಮಾರು 100 ಡಿಗ್ರಿಗೆ ಎಲ್ಲಾ ಕಡೆ ಸಮನಾಗಿ ಬಿಸಿ ಮಾಡಿದರು. ಬೇರಿಂಗ್ ತನ್ನಷ್ಟಕ್ಕೆ ಜಾರಿ ಕೂತಿತು, ಏಟೇ ಇಲ್ಲ. ಆರಿದ ಮೇಲೆ ಬೇರಿಂಗ್ ಜರುಗದಂತೆ ಲಾಕ್ ಹಾಕಿ, ಹೊಸ ಕ್ರ್ಯಾಂಕನ್ನು ಕ್ಲಚ್ ಕಡೆಯಿಂದ ಪುಲ್ಲರಿನಲ್ಲಿ ನಿಧಾನಕ್ಕೆ ಎಳೆದುಕೊಂಡರು. ಸೀಲ್ ಹಾಕುವಾಗ ಕ್ರ್ಯಾಂಕಿನಲ್ಲಿ ಕೀ ಕೂರುವ ಸೀಳಿಗೆ ಟೇಪ್ ಸುತ್ತಿದರು, ಅಂಚು ತಾಗಿ ತುಟಿ ಕುಯ್ಯಬಾರದು ಅಂತ. ಬೇರಿಂಗ್ ಮೇಲೆ ಸಿ3 ಗುರುತು ಇದೆಯಾ ಅಂತಲೂ ನೋಡಿದರು. ಎಂಜಿನ್ ಬಿಸಿಗೆ ಹಿಗ್ಗಿದಾಗ ಬಿಗಿಯಾಗದಿರಲಿ ಅಂತ ಒಳಗೆ ಸಂದು ಜಾಸ್ತಿ ಬಿಟ್ಟ ಬೇರಿಂಗ್ ಅದು.

ಮೊದಲ ಗ್ಯಾರೇಜಿನವರು ಒಂದು ರೂಪಾಯಿ ವಾಪಸ್ ಕೊಡಲಿಲ್ಲ. ಅವರು ಹಾಕಿದ್ದು ಅಸಲಿ ಬೇರಿಂಗೋ ನಕಲಿಯೋ ಅಂತ ತಿಳಿಯೋಣ ಅಂದರೆ ಡಬ್ಬಿಯೇ ಇಲ್ಲ; ಬಿಚ್ಚಿದ ಹಳೆಯ ಸಾಮಾನೂ ಕೊಟ್ಟಿರಲಿಲ್ಲ. ನೀವು ಗಾಡಿ ಬಿಡುವಾಗಲೇ ಹೇಳಿಬಿಡಿ: ಹಳೆಯ ಬೇರಿಂಗ್, ಸೀಲ್, ಹೊಸದರ ಡಬ್ಬಿ ಎಲ್ಲಾ ನನಗೆ ಬೇಕು, ಕ್ರ್ಯಾಂಕ್ ಕೂರಿಸುವ ದಿನ ನಾನು ಬರ್ತೀನಿ. "ನೀವ್ಯಾಕೆ ಬರ್ತೀರಾ, ಸುಮ್ನೆ ಮನೇಲಿರಿ" ಅಂದರೆ ಎಂಜಿನ್ ಇಳಿಸುವುದಕ್ಕೆ ಬಿಡಬೇಡಿ.