ಹಿತ್ತಾಳೆ ಪಟ್ಟಿ ಕೂರಿಸಿದ ರೆಡಿಮೇಡ್ ಪೆನ್ ಬ್ಲಾಂಕ್: ಕೊಳ್ಳುವ ಮುನ್ನ ಇದನ್ನು ಓದಿ

ಲೇತ್‌ನಲ್ಲಿ ಪೆನ್ ಕಡೆಯುವ ಹವ್ಯಾಸ ಇರುವವರೆಲ್ಲ ಇದನ್ನು ದಯವಿಟ್ಟು ಪೂರ್ತಿ ಓದಿ. ಎರಡು ಬಣ್ಣದ ಮರದ ತುಂಡುಗಳ ನಡುವೆ ಹಿತ್ತಾಳೆ ಪಟ್ಟಿ ಇಟ್ಟು, ಅಂಟಿಸಿ, ಚೌಕಾಕಾರಕ್ಕೆ ಕೊಯ್ದು ಮಾರುವ ಬ್ಲಾಂಕುಗಳು, ಅಂದರೆ ಪೆನ್ನಿನ ಮೈಯಾಗಿ ಕಡೆಯಬೇಕಾದ ಕಚ್ಚಾ ತುಂಡುಗಳು, ಈಗ ಆನ್‌ಲೈನಿನಲ್ಲಿ ಧಾರಾಳವಾಗಿ ಸಿಗುತ್ತಿವೆ. ಫೋಟೊದಲ್ಲಿ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಬೀಟೆ ಮತ್ತು ಹಾಲೆ ಮರವನ್ನು ಓರೆಯಾಗಿ ಜೋಡಿಸಿ, ನಡುವೆ ಹಳದಿ ಗೆರೆ ಎಳೆದಂಥ ಒಂದು ಕಟ್ಟನ್ನು ನಾನೂ ತರಿಸಿದೆ. ಮಾರಿದವರ ಹೆಸರು ಬರೆಯುವುದಿಲ್ಲ. ಇದೇ ಥರದ ಮಾಲನ್ನು ಬೇರೆ ಬೇರೆ ಹೆಸರಿನಲ್ಲಿ ಮಾರುವವರು ಹಲವರಿದ್ದಾರೆ, ಹಾಗಾಗಿ ಮಾಲನ್ನು ಗುರುತಿಸುವುದು ಹೇಗೆ ಅಂತ ತಿಳಿದಿರುವುದೇ ಮುಖ್ಯ.

ಮೊದಲ ಬ್ಲಾಂಕಿಗೆ 7 ಮಿಲಿಮೀಟರ್ ತೂತು ಕೊರೆದು, ಪೆನ್ ಕಿಟ್ಟಿನಲ್ಲಿ (ಪೆನ್ನಿನ ಬಿಡಿಭಾಗಗಳ ಸೆಟ್ಟು) ಬರುವ ಲೋಹದ ಟ್ಯೂಬನ್ನು ಒಳಗೆ ಅಂಟಿಸಿ, ಕಡೆದು, ಪಾಲಿಶ್ ಮಾಡಿ, ನಿವೃತ್ತರಾಗುತ್ತಿದ್ದ ನಮ್ಮ ಮೇಷ್ಟ್ರೊಬ್ಬರಿಗೆ ಕೊಟ್ಟಿದ್ದೆ. ಕೊಟ್ಟ ದಿನ ಕನ್ನಡಿಯಂತೆ ನುಣುಪಾಗಿತ್ತು. ಬೇಸಿಗೆ ಕಳೆಯುವುದರೊಳಗೆ ಹಿತ್ತಾಳೆ ಗೆರೆ ಉಗುರಿಗೆ ತಾಗುವಷ್ಟು ಮೇಲೆದ್ದಿತ್ತು, ಅದರ ಪಕ್ಕದಲ್ಲೇ ಬೀಟೆ ಕೂದಲೆಳೆಯಷ್ಟು ಸೀಳಿತ್ತು. ಮೇಷ್ಟ್ರು ಪಾಪ ಏನೂ ಅನ್ನಲಿಲ್ಲ, ಜೇಬಿಗೆ ಹಾಕುವುದನ್ನು ಮಾತ್ರ ಬಿಟ್ಟಿದ್ದರು.

ಎರಡನೆಯದು ಲೇತ್ ಮೇಲೆಯೇ ಸಿಡಿಯಿತು. ಚೌಕ ಹೋಗಿ ಇನ್ನೇನು ದುಂಡಗಾಗುತ್ತಿದೆ ಅನ್ನುವಾಗ ಉಳಿಯ ಸದ್ದು ಬದಲಾಯಿತು, ಮರುಕ್ಷಣವೇ ಹಿತ್ತಾಳೆಯ ಚೂರೊಂದು ಬಂದು ನನ್ನ ಫೇಸ್ ಶೀಲ್ಡಿಗೆ ಬಡಿಯಿತು. ಸರಿಯಾಗಿ ಎಡಗಣ್ಣಿನ ಎದುರಿಗೇ ಪ್ಲಾಸ್ಟಿಕ್ ಮೇಲೆ ಗೀರು ಬಿದ್ದಿದೆ. ಪೆನ್ನು ತಾನೇ, ಸಣ್ಣ ಕೆಲಸ ಅಂತ ಬರೀ ಓದುವ ಕನ್ನಡಕದಲ್ಲೇ ಲೇತ್ ಮುಂದೆ ನಿಲ್ಲುವವರನ್ನು ನೋಡಿದ್ದೇನೆ. ಬೇಡ, ಖಂಡಿತ ಬೇಡ.

ಸಿಡಿದ ತುಂಡುಗಳನ್ನು ಆಯ್ದು ಬೆಳಕಿಗೆ ಹಿಡಿದು ನೋಡಿದೆ. ಲೋಹದ ಮೈ ಅಂಗಡಿಯಿಂದ ತಂದಷ್ಟೇ ನುಣ್ಣಗಿತ್ತು, ಮರಳು ಕಾಗದದ ಒಂದು ಗೀರೂ ಇಲ್ಲ. ಒಣಗಿದ ಅಂಟು ಪಾರದರ್ಶಕ ಪೊರೆಯಾಗಿ ಉಗುರಿನಲ್ಲಿ ಪೂರ್ತಿ ಎದ್ದು ಬಂತು. ಬರೀ ಸೂಪರ್ ಗ್ಲೂ. ಉಳಿ ತಾಗಿದ ಕಡೆಯಲ್ಲಿ ಹಳದಿ ಹೋಗಿ ಬೂದು ಬಣ್ಣ ಇಣುಕುತ್ತಿತ್ತು. ಆಯಸ್ಕಾಂತ ಹಿಡಿದರೆ ಟಕ್ ಅಂತ ಅಂಟಿಕೊಂಡಿತು! ಹಿತ್ತಾಳೆಗೆ ಆಯಸ್ಕಾಂತ ಅಂಟುವುದಿಲ್ಲ. ಅದು ಹಿತ್ತಾಳೆ ಲೇಪ ಕೊಟ್ಟ ಕಬ್ಬಿಣದ ಪಟ್ಟಿ. ಮಾರಿದವರನ್ನು ಕೇಳಿದರೆ, "ನೀವು ಸ್ಪೀಡ್ ಜಾಸ್ತಿ ಇಟ್ಟಿದ್ದೀರಿ ಸಾರ್" ಅಂದರು. ಅದೇ ಕಟ್ಟಿನ ಮತ್ತೊಂದು ಬ್ಲಾಂಕನ್ನು ಲೇತ್ ಹತ್ತಿರವೂ ಒಯ್ಯದೆ ಬೆಂಚಿನ ಮೇಲಿಟ್ಟು ಕೈಯಲ್ಲೇ ಬಾಗಿಸಿದೆ. ಅಂಟು ಹಾಕಿದ ಕಡೆಯಲ್ಲೇ ಎರಡು ಹೋಳಾಯಿತು. ಅದರ ವಿಡಿಯೊ ಕಳಿಸಿದ ಮೇಲೆ ಬ್ಲಾಂಕಿನ ದುಡ್ಡು ವಾಪಸ್ ಬಂತು. ಹಾಳಾದ ಪೆನ್ ಕಿಟ್ಟಿನ ದುಡ್ಡು ಬರಲಿಲ್ಲ.

ಹೀಗಾಗಲು ಕಾರಣ ಇದೆ. ಮೈಸೂರಿನ ಬೀಟೆ ಮರದ ಇನ್ಲೇ ಕೆಲಸದಲ್ಲಿ ಹಲಗೆಯಲ್ಲಿ ಗುಳಿ ತೋಡಿ ಅದರೊಳಗೆ ಚೂರನ್ನು ಕೂರಿಸುತ್ತಾರೆ. ಕೆಳಗಿನಿಂದಲೂ ಸುತ್ತಲಿಂದಲೂ ಮರದ ಆಸರೆ ಇರುತ್ತದೆ. ಹೀಗೆ ತುಂಡು ಜೋಡಿಸಿ ಮಾಡಿದ ಸೆಗ್ಮೆಂಟೆಡ್ ಪೆನ್ನಿನಲ್ಲಿ ಪಟ್ಟಿ ಈ ಬದಿಯಿಂದ ಆ ಬದಿಗೆ ಅಡ್ಡಲಾಗಿ ಹಾದುಹೋಗುತ್ತದೆ, ಅದನ್ನು ಹಿಡಿದಿಡುವುದು ಅಂಟು ಮಾತ್ರ. ತೆಳ್ಳನೆಯ ಪೆನ್ನಿನ ಸ್ಲಿಮ್‌ಲೈನ್ ಕಿಟ್ಟಿನಲ್ಲಿ ಕಡೆದು ಮುಗಿಸುವ ಹೊತ್ತಿಗೆ ತುದಿಗಳಲ್ಲಿ ಟ್ಯೂಬಿನ ಮೇಲೆ ಉಳಿಯುವ ಮರ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ತೂತು ಕೊರೆಯುವಾಗ ಲೋಹ ಬೇಗ ಕಾಯುತ್ತದೆ, ಮಾಮೂಲಿ ಸೂಪರ್ ಗ್ಲೂ ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಿಡಿತ ಬಿಡತೊಡಗುತ್ತದೆ. ಸಾಲದ್ದಕ್ಕೆ ಬೀಟೆಯಲ್ಲಿ ಸಹಜವಾಗಿಯೇ ಎಣ್ಣೆಯಂಶ ಇದೆ, ಅಸಿಟೋನ್‌ನಿಂದ ಒರೆಸದೆ ಹಚ್ಚಿದ ಅಂಟು ಅದಕ್ಕೆ ಸರಿಯಾಗಿ ಕಚ್ಚುವುದಿಲ್ಲ. ಮರ ಹಸಿಯಾಗಿದ್ದರಂತೂ ಮುಗಿಯಿತು: ಒಣಗುತ್ತಾ ಅಡ್ಡಕ್ಕೆ ಕುಗ್ಗುತ್ತದೆ, ಲೋಹ ಇದ್ದಲ್ಲೇ ಇರುತ್ತದೆ. ಮೇಷ್ಟ್ರ ಪೆನ್ನಿಗೆ ಆದದ್ದು ಅದೇ.

ಆದ್ದರಿಂದ ದುಡ್ಡು ಕಳಿಸುವ ಮೊದಲು ಕೇಳಿ: ಯಾವ ಅಂಟು? ಲೋಹವನ್ನು 80 ಅಥವಾ 120 ನಂಬರಿನ ಮರಳು ಕಾಗದದಲ್ಲಿ ಉಜ್ಜಿ ಒರಟು ಮಾಡಿ, ಅಸಿಟೋನ್‌ನಿಂದ ಒರೆಸಿ ಅಂಟಿಸಿದ್ದಾರಾ? ಎರಡು ಟ್ಯೂಬಿನಿಂದ ಬೆರೆಸಿ ಹಚ್ಚುವ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಅಂಟು ಅಂದರೆ ಮಾತ್ರ ಮುಂದುವರಿಯಿರಿ. ಐದು ನಿಮಿಷದ ಎಪಾಕ್ಸಿಯನ್ನು ಈ ಕೆಲಸಕ್ಕೆ ನಾನು ನಂಬುವುದಿಲ್ಲ. "ನಮ್ಮ ಸ್ಪೆಷಲ್ ಅಂಟು" ಅನ್ನುವವರನ್ನು ಅಲ್ಲಿಗೇ ಬಿಟ್ಟುಬಿಡಿ.

ಮಾಲು ಕೈಗೆ ಬಂದ ಮೇಲೆ ಮೊದಲು ಆಯಸ್ಕಾಂತ ಹಿಡಿದು ನೋಡಿ. ಆಮೇಲೆ ತೂಕ. ಚಿನ್ನ ತೂಗುವಂಥ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ, ಬ್ಲಾಂಕಿನ ಮೇಲೆಯೇ ಪೆನ್ಸಿಲಿನಲ್ಲಿ ತೂಕ ಮತ್ತು ತಾರೀಕು ಬರೆದಿಡಿ. ವಾರಕ್ಕೊಮ್ಮೆ ತೂಗುತ್ತಿರಿ. ಇಳಿಯುತ್ತಲೇ ಇದ್ದರೆ ಮರ ಇನ್ನೂ ಒಣಗುತ್ತಿದೆ ಎಂದರ್ಥ, ಉಳಿ ತಾಗಿಸಬೇಡಿ. ತೇವಾಂಶ ನೋಡುವ ಮೀಟರ್ ಇದ್ದರೂ ಅದರ ಸೂಜಿಗಳು ಲೋಹಕ್ಕೆ ತಾಗದಂತೆ ಮರದ ಭಾಗಕ್ಕಷ್ಟೇ ಚುಚ್ಚಿ, ಇಲ್ಲವಾದರೆ ಅದು ತೋರಿಸುವ ಅಂಕಿ ತಪ್ಪು. ಕೊನೆಗೆ ಕೈಯಲ್ಲಿ ಬಾಗಿಸಿ ನೋಡಿ. ನಾಜೂಕಾಗಿ ಅಲ್ಲ, ನಿಜವಾಗಿ ಬಾಗಿಸಿ. ಮುರಿಯುವುದಿದ್ದರೆ ಕೈಯಲ್ಲೇ ಮುರಿಯಲಿ.

ಇಷ್ಟೆಲ್ಲ ದಾಟಿದ ಬ್ಲಾಂಕನ್ನೂ ಒಂದೇ ದಮ್ಮಿಗೆ ಕೊರೆಯಬೇಡಿ. ಸ್ವಲ್ಪ ಕೊರೆದು, ಬಿಟ್ ಹೊರಗೆ ತೆಗೆದು, ಪುಡಿ ಕೊಡವಿ, ಬಿಟ್ ತಣ್ಣಗಾದ ಮೇಲೆ ಮತ್ತೆ. ಕಡೆಯುವಾಗ ತುಂಬ ಗಟ್ಟಿಯಾದ ಕಾರ್ಬೈಡ್ ಅಲಗಿನ ಉಳಿ ಹಿಡಿದು ತೆಳ್ಳಗೆ ಕೆರೆಯಿರಿ. ಮರಳು ಕಾಗದ ಹಿಡಿಯುವ ಮೊದಲು ಮರಕ್ಕೆ ತೆಳು ಸೂಪರ್ ಗ್ಲೂವಿನ ಒಂದು ಕೋಟ್ ಕೊಡಿ. ಆ ಅಂಟಿಗೆ ಇಲ್ಲಿ ಈ ಕೆಲಸ ಸರಿ. ಇಲ್ಲದಿದ್ದರೆ ಲೋಹದ ಕಪ್ಪು ಪುಡಿಯೂ ಬೀಟೆಯ ನೇರಳೆ ಧೂಳೂ ಹಾಲೆ ಮರದ ಬಿಳಿ ಎಳೆಗಳೊಳಗೆ ಇಳಿಯುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಹೋಗದು. ಬೀಟೆಯ ಧೂಳು ಕೆಲವರಿಗೆ ಚರ್ಮದ ತುರಿಕೆ, ಉಬ್ಬಸ ತರುತ್ತದೆ, ಮಾಸ್ಕ್ ಹಾಕಿಕೊಳ್ಳಿ.

ನಾನೀಗ ರೆಡಿ ಬ್ಲಾಂಕ್ ತರಿಸುವುದನ್ನು ನಿಲ್ಲಿಸಿದ್ದೇನೆ. ಹಿತ್ತಾಳೆ ಶೀಟು ತಂದು, ನಾನೇ ಕತ್ತರಿಸಿ, ಉಜ್ಜಿ, ಎಪಾಕ್ಸಿ ಹಾಕಿ, ಕ್ಲಾಂಪಿನಲ್ಲಿ ಒಂದು ಪೂರ್ತಿ ದಿನ ಬಿಡುತ್ತೇನೆ. ನಿಮ್ಮ ಹತ್ತಿರ ಈಗಾಗಲೇ ಇಂಥ ಬ್ಲಾಂಕ್ ಇದ್ದರೆ ಇವತ್ತೇ ಆಯಸ್ಕಾಂತ ಹಿಡಿದು ನೋಡಿ, ಅಂಟಿಕೊಂಡರೆ ಫೋಟೊ ತೆಗೆದು ಮಾರಿದವರಿಗೆ ಕಳಿಸಿ ದುಡ್ಡು ವಾಪಸ್ ಕೇಳಿ.